ಲೆಕ್ಕಪುಸ್ತಕದಲ್ಲಿ ಕಾಣದ ವೆಚ್ಚ: ಕೆಲಸದ ಒತ್ತಡ, ಸಹೋದ್ಯೋಗಿಗಳ ಬಾಂಧವ್ಯ ಮತ್ತು ಧ್ಯಾನ

ವ್ಯಾಪಾರ ಸಂಸ್ಥೆಯೊಂದರ ವಾರ್ಷಿಕ ಲೆಕ್ಕಪತ್ರಗಳಲ್ಲಿ ಬ್ಯಾಂಕಿನ ಬಡ್ಡಿ, ಬಾಡಿಗೆ, ವಿದ್ಯುತ್ ವೆಚ್ಚ, ಸವಕಳಿ, ವಸೂಲಾಗದ ಬಾಕಿ ಇವೆಲ್ಲಕ್ಕೂ ಒಂದೊಂದು ಶೀರ್ಷಿಕೆ ಇರುತ್ತದೆ. ಮಾಲೀಕರ ಸಿಡುಕಿಗೆ ಬೇಸತ್ತು ಕೆಲಸ ಬಿಟ್ಟುಹೋದ ಅನುಭವಿ ನೌಕರನಿಂದ ಉಂಟಾದ ನಷ್ಟಕ್ಕೆ ಮಾತ್ರ ಯಾವ ಶೀರ್ಷಿಕೆಯೂ ಇಲ್ಲ. ಅದು ಕಚ್ಚಾಮಾಲಿನ ವೆಚ್ಚದಲ್ಲಿ ಸ್ವಲ್ಪ, ಬಡ್ಡಿಯಲ್ಲಿ ಸ್ವಲ್ಪ, ಓವರ್‌ಟೈಮ್ ಕೂಲಿಯಲ್ಲಿ ಸ್ವಲ್ಪ ಹಂಚಿಹೋಗಿ ಅಡಗಿ ಕುಳಿತಿರುತ್ತದೆ. ಕಣ್ಣಿಗೆ ಬೀಳದ ವೆಚ್ಚವನ್ನು ಯಾರೂ ಕಡಿತಗೊಳಿಸಲು ಪ್ರಯತ್ನಿಸುವುದಿಲ್ಲ.

ಉದಾಹರಣೆಗೆ, 12 ಜನ ಕೆಲಸಗಾರರಿರುವ, ತಿಂಗಳಿಗೆ 6 ಲಕ್ಷ ರೂಪಾಯಿಗಳ ಜಾಬ್ ವರ್ಕ್ ಮಾಡುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಬಹುದು. ಅಲ್ಲಿ 24,000 ರೂಪಾಯಿ ಸಂಬಳದ ಸಿಎನ್‌ಸಿ ಆಪರೇಟರ್ ಒಬ್ಬನು ಎಲ್ಲರೆದುರು ಬೈಸಿಕೊಂಡ ಮಾರನೆಯ ದಿನದಿಂದ ಬರುವುದನ್ನೇ ನಿಲ್ಲಿಸುತ್ತಾನೆ. ಹೊಸಬನ ಕೈ ಪಳಗಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ರಿಜೆಕ್ಷನ್ ಪ್ರಮಾಣ ಶೇಕಡ 2ರಿಂದ 5ಕ್ಕೆ ಏರಿದರೆ ತಿಂಗಳಿಗೆ 18,000ದಂತೆ 36,000 ರೂಪಾಯಿ ಹೋಯಿತು. ಮಾಲೀಕರೇ ಯಂತ್ರದ ಮುಂದೆ ನಿಂತು ವಸೂಲಿಗೆ ತಿರುಗಲಾಗದೆ 4 ಲಕ್ಷ ರೂಪಾಯಿ ಒಂದು ತಿಂಗಳು ತಡವಾದರೆ, ಓ.ಡಿ. ಖಾತೆಯ ಶೇಕಡ 12ರ ಬಡ್ಡಿಯಂತೆ ಮತ್ತೆ 4,000 ರೂಪಾಯಿ. ಒಟ್ಟು 40,000. ಅಂದರೆ ಎರಡು ನಿಮಿಷದ ಕೋಪಕ್ಕೆ ತೆತ್ತ ಬೆಲೆ ಆ ನೌಕರನ ಒಂದೂವರೆ ತಿಂಗಳ ಸಂಬಳಕ್ಕಿಂತ ಅಧಿಕ. ಬೈಗುಳ ಕೇಳಿಸಿಕೊಂಡೂ ಕೆಲಸ ಬಿಡದೆ ಉಳಿದ ಇನ್ನುಳಿದ 11 ಜನರು ಅಂದಿನಿಂದ ಯಂತ್ರದಲ್ಲಿ ಕಂಡ ದೋಷವನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. ಆ ನಷ್ಟವನ್ನು ಅಂಕಿಯಲ್ಲಿ ಹಿಡಿಯುವುದು ಇನ್ನೂ ಕಷ್ಟ.

ಕೋಪಕ್ಕೆ ಕಾರಣಗಳಿಲ್ಲವೆಂದಲ್ಲ. ಸಣ್ಣ ಉದ್ಯಮಿಯ ತಿಂಗಳು ದಿನಾಂಕಗಳ ಬೇಲಿಯೊಳಗೆ ಕಳೆಯುತ್ತದೆ. 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಇವುಗಳ ನಡುವೆ ಬ್ಯಾಂಕಿಗೆ ದಾಸ್ತಾನು ಪಟ್ಟಿ, ವಿದ್ಯುತ್ ಬಿಲ್ಲು, ಸಂಬಳ. ಮಾಲು ಕೊಂಡ ದೊಡ್ಡ ಕಂಪನಿಯಿಂದ ಬರಬೇಕಾದ ಹಣ ಮಾತ್ರ ಯಾವ ದಿನಾಂಕಕ್ಕೂ ಬದ್ಧವಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಬಾಕಿಯನ್ನು ಗರಿಷ್ಠ 45 ದಿನಗಳೊಳಗೆ ಕೊಡಬೇಕೆಂದು 2006ರ ಕಾಯಿದೆ ವಿಧಿಸಿದೆ. ತಡವಾದರೆ ಚಕ್ರಬಡ್ಡಿಯ ವಿಧಿಯೂ ಇದೆ. ಕೊಡದೆ ಉಳಿಸಿಕೊಂಡ ಬಾಕಿಗೆ ಆ ವರ್ಷ ಆದಾಯ ತೆರಿಗೆಯ ವಿನಾಯಿತಿ ಸಿಗದಂತೆ 2023ರ ಹಣಕಾಸು ಕಾಯಿದೆಯಲ್ಲಿ ಬಿಗಿಯನ್ನೂ ಮಾಡಲಾಯಿತು. ಆದರೂ ಬಡ್ಡಿ ಕೇಳಿದರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಬಹುಮಂದಿ ಸುಮ್ಮನಿರುತ್ತಾರೆ.

ಒತ್ತಡವು ಬಾಂಧವ್ಯವನ್ನು ಕೆಡಿಸುವುದು ಇಲ್ಲಿಯೇ. ಕೊಂಡವರ ಮೇಲೆ ಕೂಗಾಡಲು ಆಗದು, ಬ್ಯಾಂಕಿನ ಅಧಿಕಾರಿಯ ಮೇಲಂತೂ ಸಾಧ್ಯವೇ ಇಲ್ಲ. ನೀರಿನಂತೆ ಕೋಪವೂ ತಗ್ಗಿನ ಕಡೆಗೇ ಹರಿಯುತ್ತದೆ. ದೊಡ್ಡ ಕಂಪನಿಯ ಖರೀದಿ ವಿಭಾಗದಲ್ಲಿ ಹುಟ್ಟಿದ ಗದರಿಕೆ ಮಾಲೀಕರ ಮೂಲಕ ಮೇಲ್ವಿಚಾರಕನಿಗೆ, ಮೇಲ್ವಿಚಾರಕನಿಂದ ಹೆಲ್ಪರ್ ಹುಡುಗನಿಗೆ ಇಳಿದುಬರುತ್ತದೆ. ಅಡತಿ ಅಂಗಡಿಯಲ್ಲಾದರೆ ಗಲ್ಲಾದಿಂದ ಗುಮಾಸ್ತನಿಗೆ, ಗುಮಾಸ್ತನಿಂದ ಹಮಾಲನಿಗೆ. ಮರಳಿ ಉತ್ತರ ಕೊಡಲಾರದವನ ಬಳಿ ಅದು ನಿಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಇಳಿಜಾರಿಗೆ ಹೊತ್ತುಗೊತ್ತೂ ಇಲ್ಲದಂತಾಗಿದೆ. ರಾತ್ರಿ 11 ಗಂಟೆಗೆ ವಾಟ್ಸಾಪ್‌ನಲ್ಲಿ ಕಳುಹಿಸಿದ ಧ್ವನಿ ಸಂದೇಶವನ್ನು ಗುಮಾಸ್ತನ ಮನೆಯವರೆಲ್ಲರೂ ಕೇಳಿಸಿಕೊಳ್ಳುತ್ತಾರೆ ಎಂಬುದು ಕಳುಹಿಸಿದವರಿಗೆ ಹೊಳೆಯುವುದಿಲ್ಲ.

ಈ ಇಳಿಜಾರಿಗೆ ಒಂದು ತಡೆಯಾಗಿ ಧ್ಯಾನವನ್ನು ಸೂಚಿಸುವವರು ಇಂದು ಎಲ್ಲೆಡೆ ಇದ್ದಾರೆ. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿತು; ಆ ನಿರ್ಣಯವನ್ನು ಮಂಡಿಸಿದ ರಾಷ್ಟ್ರಗಳಲ್ಲಿ ಭಾರತವೂ ಒಂದು. ವರ್ತಕ ವಲಯದಲ್ಲಿ ಇದರ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಇದು ಸಂಸಾರ ತ್ಯಜಿಸಿದವರ ವಿಷಯ, ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಕಣ್ಣು ಮುಚ್ಚಿ ಕೂರಲಾಗದು ಎಂಬುದು ಒಂದು. ಧ್ಯಾನ ಮಾಡಿಸಿದರೆ ನೌಕರರು ಎರಡರಷ್ಟು ದುಡಿಯುತ್ತಾರೆ ಎಂಬ ಮಾರಾಟಗಾರರ ಮಾತನ್ನು ನಂಬಿ ತರಬೇತುದಾರರಿಗೆ ಚೆಕ್ ಬರೆಯುವುದು ಇನ್ನೊಂದು. ಎರಡೂ ವಿಷಯವನ್ನು ಅರ್ಧದಷ್ಟೇ ನೋಡಿವೆ.

ರಂಗೂನಿನ ಲೆಕ್ಕಪತ್ರ ಕಚೇರಿ

ಕಚೇರಿಯೊಳಗೆ ಧ್ಯಾನ ಎಂದೊಡನೆ ಅಮೆರಿಕದ ಕಂಪನಿಗಳು ನೆನಪಿಗೆ ಬರುತ್ತವೆ. ಗೂಗಲ್ ಸಂಸ್ಥೆಯಲ್ಲಿ ಚಾಡ್ ಮೆಂಗ್ ಟಾನ್ ಎಂಬ ಎಂಜಿನಿಯರ್ 2007ರಲ್ಲಿ ಆರಂಭಿಸಿದ ತರಬೇತಿ ಬಹಳ ಪ್ರಚಾರ ಪಡೆಯಿತು. ಆದರೆ ಅದಕ್ಕೂ ಅರ್ಧ ಶತಮಾನಕ್ಕಿಂತ ಹಿಂದೆಯೇ ನೆರೆಯ ಬರ್ಮಾ ದೇಶದಲ್ಲಿ, ಅದೂ ಸರ್ಕಾರದ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಈ ಕೆಲಸ ನಡೆದಿತ್ತು ಎಂಬುದು ವಾಣಿಜ್ಯ ಕ್ಷೇತ್ರದವರಿಗೆ ಹೆಚ್ಚು ಪರಿಚಿತವಿಲ್ಲ.

ಊ ಬಾ ಖಿನ್ 1899ರಲ್ಲಿ ರಂಗೂನಿನಲ್ಲಿ ಜನಿಸಿದವರು. ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತರಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ, 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದರು. 1937ರಿಂದ ಅವರು ವಿಪಶ್ಯನ ಧ್ಯಾನವನ್ನು ಅಭ್ಯಾಸ ಮಾಡುತ್ತಿದ್ದರು. 1950ರಲ್ಲಿ ತಮ್ಮ ಕಚೇರಿಯ ಹೆಸರಿನಲ್ಲೇ ಒಂದು ವಿಪಶ್ಯನ ಸಂಘವನ್ನು ಸ್ಥಾಪಿಸಿ, ಕಲಿಯಬಯಸಿದ ನೌಕರರಿಗೆ ಸ್ವತಃ ಕಲಿಸಿದರು. 1952ರಲ್ಲಿ ರಂಗೂನಿನಲ್ಲಿಯೇ ಪ್ರತ್ಯೇಕ ಧ್ಯಾನಕೇಂದ್ರ ತೆರೆದರು. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಸರ್ಕಾರ ಅವರನ್ನು ಬಿಡಲಿಲ್ಲ. ಒಂದೇ ಕಾಲಕ್ಕೆ ಒಂದಕ್ಕಿಂತ ಹೆಚ್ಚು ಇಲಾಖೆಗಳ ಹೊಣೆ ಹೊರಿಸಿತು. ಸರ್ಕಾರಿ ಕೃಷಿ ಮಾರಾಟ ಮಂಡಳಿಯ ಅಧ್ಯಕ್ಷತೆಯೂ ಅವುಗಳಲ್ಲೊಂದು. ಕಡತ ಬಿಟ್ಟು ಕಣ್ಣು ಮುಚ್ಚಿ ಕುಳಿತವರಿಗೆ ಯಾವ ಸರ್ಕಾರವೂ ಇಷ್ಟು ಕೆಲಸ ವಹಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಚೇರಿಯಲ್ಲಿ ಮುಖ್ಯಸ್ಥರು ನೌಕರರನ್ನು ಧ್ಯಾನಕ್ಕೆ ಕಳುಹಿಸಿ ತಾವು ಕೊಠಡಿಯಲ್ಲಿ ಕುಳಿತು ದೂರವಾಣಿಯಲ್ಲಿ ಗದರುತ್ತಿರಲಿಲ್ಲ. ಮೊದಲು ತಾವು ಹದಿಮೂರು ವರ್ಷ ಅಭ್ಯಾಸ ಮಾಡಿ, ಅನಂತರ ಕಚೇರಿಗೆ ತಂದರು. ಕರ್ನಾಟಕದ ಕೈಗಾರಿಕಾ ವಸಾಹತುಗಳಲ್ಲಿ ನಡೆಯುವ ಒಂದು ದಿನದ ಒತ್ತಡ ನಿರ್ವಹಣಾ ಶಿಬಿರಗಳಲ್ಲಿ ಕ್ರಮ ತಿರುಗುಮುರುಗಾಗಿರುವುದು ಸಾಮಾನ್ಯ. ಉದ್ಘಾಟನೆಯ ದೀಪ ಬೆಳಗಿದ ಕೂಡಲೇ ಆಡಳಿತ ವರ್ಗದವರು ತುರ್ತು ಕೆಲಸದ ನಿಮಿತ್ತ ನಿರ್ಗಮಿಸುತ್ತಾರೆ; ಒತ್ತಡಕ್ಕೆ ಒಳಗಾದವರು ಕುಳಿತು ಉಸಿರು ಗಮನಿಸುತ್ತಾರೆ, ಒತ್ತಡ ಕೊಡುವವರು ಹೊರಗಿರುತ್ತಾರೆ.

ಊ ಬಾ ಖಿನ್ ಅವರ ಶಿಷ್ಯರಲ್ಲಿ ಪ್ರಸಿದ್ಧರಾದವರು ಸತ್ಯನಾರಾಯಣ ಗೋಯೆಂಕಾ. 1924ರಲ್ಲಿ ಮಂಡಾಲೆಯಲ್ಲಿ ಮಾರವಾಡಿ ವರ್ತಕ ಕುಟುಂಬದಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಉದ್ಯಮಗಳನ್ನು ಕಟ್ಟಿ, ರಂಗೂನಿನ ವಾಣಿಜ್ಯ ಮಂಡಳಿಯ ನೇತೃತ್ವವನ್ನೂ ವಹಿಸಿದ್ದರು. ಯಶಸ್ಸಿನ ಜೊತೆಗೆ ತೀವ್ರ ಅರೆತಲೆನೋವು ಅಂಟಿಕೊಂಡಿತು. ವೈದ್ಯರು ಮಾರ್ಫಿನ್ ಕೊಡುವ ಮಟ್ಟಕ್ಕೆ ಅದು ಹೋಗಿತ್ತು. ಯೂರೋಪು, ಅಮೆರಿಕ, ಜಪಾನುಗಳಿಗೆ ಚಿಕಿತ್ಸೆಗೆ ಹೋಗಿಬಂದರೂ ಪ್ರಯೋಜನವಾಗಲಿಲ್ಲ. ತಮ್ಮ ಮುಂಗೋಪದ ಬಗ್ಗೆಯೂ ಅವರು ಮುಂದೆ ಉಪನ್ಯಾಸಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 1955ರಲ್ಲಿ ಅವರು ಧ್ಯಾನ ಕಲಿಯಲು ಬಂದಾಗ, ಕೇವಲ ತಲೆನೋವು ವಾಸಿಯಾಗಲೆಂದು ಬರುವುದಾದರೆ ಕಲಿಸುವುದಿಲ್ಲ ಎಂದು ಊ ಬಾ ಖಿನ್ ನಿರಾಕರಿಸಿದರು. ಮನಸ್ಸಿನ ಶುದ್ಧಿಗಾಗಿ ಬಂದರೆ ತಲೆನೋವಿನ ಶಮನ ಅದರ ಜೊತೆಗೆ ತಾನಾಗಿ ಬಂದೀತು ಎಂಬುದು ಅವರ ನಿಲುವು. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಉಪ ಉತ್ಪನ್ನಕ್ಕಾಗಿ ಯಂತ್ರ ಹೂಡಬಾರದು. ಗೋಯೆಂಕಾ ಅನಂತರ ಹದಿನಾಲ್ಕು ವರ್ಷ ಬರ್ಮಾದಲ್ಲಿ ಸಂಸಾರ, ವ್ಯವಹಾರಗಳ ನಡುವೆಯೇ ಅಭ್ಯಾಸ ಮುಂದುವರಿಸಿದರು. 1962ರಲ್ಲಿ ಅಧಿಕಾರಕ್ಕೆ ಬಂದ ಸೇನಾ ಸರ್ಕಾರವು ಉದ್ಯಮಗಳನ್ನು ರಾಷ್ಟ್ರೀಕರಣ ಮಾಡಿದಾಗ ಅವರ ಉದ್ಯಮಗಳೂ ಹೋದವು. 1969ರಲ್ಲಿ ಭಾರತಕ್ಕೆ ಬಂದು, 2013ರಲ್ಲಿ ನಿಧನರಾಗುವವರೆಗೂ ಹತ್ತು ದಿನಗಳ ಶಿಬಿರಗಳ ಮೂಲಕ ಧ್ಯಾನ ಕಲಿಸಿದರು. ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮಗಿರಿ ಅವರ ಮುಖ್ಯ ಕೇಂದ್ರ. ಬೆಂಗಳೂರಿನ ಹೊರವಲಯದಲ್ಲಿ, ತುಮಕೂರು ರಸ್ತೆಯ ಕಡೆಗೆ ಧಮ್ಮ ಪಫುಲ್ಲ ಎಂಬ ಕೇಂದ್ರವಿದೆ.

ಸಂಶೋಧನೆಗಳು ಹೇಳುವುದೇನು?

ಧ್ಯಾನವನ್ನು ವೈದ್ಯಕೀಯ ಪರೀಕ್ಷೆಗೆ ಒಡ್ಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದಲ್ಲಿ. ಜಾನ್ ಕಬಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಎಂಟು ವಾರಗಳ ಕಾರ್ಯಕ್ರಮವೊಂದನ್ನು ರೂಪಿಸಿದರು. ಧಾರ್ಮಿಕ ಆಚರಣೆಗಳನ್ನು ಬದಿಗಿಟ್ಟು, ಉಸಿರು ಮತ್ತು ದೇಹದ ಸಂವೇದನೆಗಳನ್ನು ಗಮನಿಸುವುದಷ್ಟೇ ಅದರ ತಿರುಳು. ಅಲ್ಲಿಂದ ಮುಂದೆ ನೂರಾರು ಅಧ್ಯಯನಗಳು ಬಂದವು. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯು 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಆತಂಕ, ಖಿನ್ನತೆ ಮತ್ತು ನೋವಿನ ಉಪಶಮನಕ್ಕೆ ಸಾಧಾರಣ ಮಟ್ಟದ ಪುರಾವೆ ದೊರೆಯಿತು. ಒತ್ತಡದ ವಿಷಯದಲ್ಲಿ ಪುರಾವೆ ಅದಕ್ಕಿಂತ ದುರ್ಬಲವಾಗಿತ್ತು. ಧ್ಯಾನದಿಂದ ಲಾಭವಿದೆ, ಆದರೆ ಕರಪತ್ರಗಳಲ್ಲಿ ಅಚ್ಚಾಗುವಷ್ಟಿಲ್ಲ ಎಂದು ಇದನ್ನು ಓದಿಕೊಳ್ಳಬಹುದು.

ಕೆಲಸದ ಸ್ಥಳಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಯನವೊಂದು 2024ರಲ್ಲಿ ಇಂಗ್ಲೆಂಡಿನಿಂದ ಬಂತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಅವರು 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯ ಮಾಹಿತಿಯನ್ನು ಪರಿಶೀಲಿಸಿದರು. ಧ್ಯಾನ, ಒತ್ತಡ ನಿರ್ವಹಣೆ, ಸ್ಥೈರ್ಯ ತರಬೇತಿ ಮೊದಲಾದವುಗಳಲ್ಲಿ ಪಾಲ್ಗೊಂಡವರ ಮನಃಸ್ಥಿತಿಯು ಪಾಲ್ಗೊಳ್ಳದವರಿಗಿಂತ ಉತ್ತಮವಾಗಿ ಕಾಣಲಿಲ್ಲ. ಕೆಲಸದ ಹೊರೆ, ವೇಳಾಪಟ್ಟಿ, ಸಂಬಳ, ಮೇಲಧಿಕಾರಿಗಳ ನಡವಳಿಕೆ ಇವು ಇದ್ದಂತೆಯೇ ಇದ್ದು, ನೌಕರನ ಮನಸ್ಸನ್ನು ಮಾತ್ರ ದುರಸ್ತಿಗೆ ಕಳುಹಿಸಿದರೆ ಫಲ ಸಿಗದು ಎಂಬುದೇ ಇದರ ಇಂಗಿತ. ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಸಂಬಳ ಕೊಡಬೇಕೆಂಬ ನಿಯಮ ಸಣ್ಣ ಸಂಸ್ಥೆಗಳಿಗೆ 1936ರ ವೇತನ ಪಾವತಿ ಕಾಯಿದೆಯ ಕಾಲದಿಂದ ಇದೆ, 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಅದನ್ನು 18ಕ್ಕೋ 20ಕ್ಕೋ ತಳ್ಳುತ್ತಾ ಧ್ಯಾನದ ಕೊಠಡಿಗೆ ಜಮಖಾನ ಹಾಸುವುದು ವಸೂಲಾಗದ ಬಾಕಿಯನ್ನು ಆಸ್ತಿಯೆಂದು ತೋರಿಸಿದಂತೆಯೇ ಸರಿ.

ಇನ್ನೊಂದು ಸಂಶೋಧನೆ ಸಹೋದ್ಯೋಗಿಗಳ ಬಾಂಧವ್ಯಕ್ಕೆ ಇನ್ನೂ ಹತ್ತಿರದ್ದು. ಬಹುಶಃ ಮಾಲೀಕರಾದವರು ಅತ್ಯಗತ್ಯವಾಗಿ ತಿಳಿಯಬೇಕಾದದ್ದೂ ಇದೇ. ಆಂಡ್ರ್ಯೂ ಹಾಫೆನ್‌ಬ್ರಾಕ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಇನ್ನೊಬ್ಬರಿಗೆ ಮಾಡಿದ ಅನ್ಯಾಯವನ್ನು ನೆನಪಿಸಿಕೊಂಡ ಜನರಲ್ಲಿ ಕೆಲವರು ಉಸಿರಿನ ಧ್ಯಾನ ಮಾಡಿದರು. ಧ್ಯಾನ ಮಾಡಿದವರ ಮನಸ್ಸು ಹಗುರವಾಯಿತು, ತಪ್ಪಿನ ಅಳುಕು ಕಡಿಮೆಯಾಯಿತು. ಅದರ ಜೊತೆಗೇ, ಅನ್ಯಾಯಕ್ಕೊಳಗಾದವರಿಗೆ ಪರಿಹಾರ ಮಾಡಿಕೊಡುವ ಇಚ್ಛೆಯೂ ಕುಗ್ಗಿತು. ಅಂದರೆ ಗುಮಾಸ್ತನನ್ನು ಹತ್ತು ಜನರೆದುರು ಹೀಯಾಳಿಸಿ, ಕೊಠಡಿಗೆ ಹೋಗಿ ಹದಿನೈದು ನಿಮಿಷ ಕಣ್ಣು ಮುಚ್ಚಿ ಕುಳಿತ ಸಾಹುಕಾರರಿಗೆ ನೆಮ್ಮದಿ ಸಿಕ್ಕೀತು. ಗುಮಾಸ್ತನಿಗೆ ಸಿಗಬೇಕಾದ ಎರಡು ಒಳ್ಳೆಯ ಮಾತು ಸಿಗಲಿಕ್ಕಿಲ್ಲ. ಲೆಕ್ಕದ ಭಾಷೆಯಲ್ಲಿ ಇದು ಸಾಲವನ್ನು ತೀರಿಸದೆಯೇ ಪುಸ್ತಕದಿಂದ ಹೊಡೆದುಹಾಕಿದಂತೆ. ಸಾಲಗಾರನ ಪುಸ್ತಕದಲ್ಲಿ ಬಾಕಿ ಶೂನ್ಯ, ಸಾಲ ಕೊಟ್ಟವನ ಪುಸ್ತಕದಲ್ಲಿ ಪೂರ್ಣ ಮೊತ್ತ.

ಅದೇ ಸಂಶೋಧಕರು ಇನ್ನೊಂದು ವಿಷಯವನ್ನೂ ಕಂಡರು. ಉಸಿರನ್ನಷ್ಟೇ ಗಮನಿಸುವ ಬದಲು ಇತರರ ಒಳಿತನ್ನು ಹಾರೈಸುವ ಬಗೆಯ ಧ್ಯಾನ ಮಾಡಿದವರಲ್ಲಿ ತಪ್ಪನ್ನು ಸರಿಪಡಿಸುವ ಇಚ್ಛೆ ಹೆಚ್ಚಾಗಿತ್ತು. ಬೌದ್ಧ ಪರಂಪರೆಯಲ್ಲಿ ಇದಕ್ಕೆ ಮೈತ್ರಿ ಭಾವನೆ ಎಂದು ಹೆಸರು. ಗೋಯೆಂಕಾ ಅವರ ಶಿಬಿರಗಳಲ್ಲಿ ಮೊದಲ ಮೂರು ದಿನ ಉಸಿರು, ಅನಂತರ ದೇಹದ ಸಂವೇದನೆಗಳು, ಹತ್ತನೆಯ ದಿನ ಮೈತ್ರಿ ಎಂಬ ಕ್ರಮವಿದೆ. ಹಳಬರು ಈ ಕ್ರಮವನ್ನು ಸುಮ್ಮನೆ ಇಟ್ಟಿರಲಿಕ್ಕಿಲ್ಲ. ಕಚೇರಿಗಾಗಿ ಧ್ಯಾನವನ್ನು ಕತ್ತರಿಸಿ ಸಣ್ಣದು ಮಾಡುವಾಗ ಮೊದಲು ಬಿಟ್ಟುಹೋಗುವುದು ಮಾತ್ರ ಆ ಕೊನೆಯ ಭಾಗವೇ.

ಹುರುಪಿನ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಹಾಫೆನ್‌ಬ್ರಾಕ್ ಮತ್ತು ಕ್ಯಾಥ್ಲೀನ್ ವೋಸ್ 2018ರಲ್ಲಿ ಪ್ರಕಟಿಸಿದಂತೆ, ಧ್ಯಾನ ಮುಗಿಸಿ ಎದ್ದವರಲ್ಲಿ ಮುಂದಿದ್ದ ದೈನಂದಿನ ಕೆಲಸದ ಬಗ್ಗೆ ಉತ್ಸಾಹ ಕಡಿಮೆಯಾಗಿತ್ತು. ಕೆಲಸದ ಗುಣಮಟ್ಟ ಮಾತ್ರ ಕುಸಿದಿರಲಿಲ್ಲ. ಆದ್ದರಿಂದ ಧ್ಯಾನವನ್ನು ಉತ್ಪಾದನೆ ಹೆಚ್ಚಿಸುವ ಸಾಧನವೆಂದು ಕೊಳ್ಳುವವರಿಗೆ ನಿರಾಶೆಯಾದೀತು. ಅದರ ಉಪಯೋಗವಿರುವುದು ಇನ್ನೊಂದು ಕಡೆ: ಕೆರಳಿಸುವ ಮಾತು ಕಿವಿಗೆ ಬಿದ್ದ ಗಳಿಗೆಗೂ ಬಾಯಿ ತೆರೆಯುವ ಗಳಿಗೆಗೂ ನಡುವೆ ಒಂದಿಷ್ಟು ಅಂತರವನ್ನು ತರುವುದರಲ್ಲಿ. ಮೈ ಬಿಸಿಯಾಗುತ್ತಿದೆ, ಉಸಿರು ಬಿರುಸಾಗುತ್ತಿದೆ ಎಂಬುದು ಒಳಗಿನಿಂದ ತಿಳಿಯತೊಡಗಿದರೆ, ಆ ಮಾತನ್ನು ಈಗ ಆಡಬೇಕೆ, ಕೊಠಡಿಗೆ ಕರೆದು ಆಡಬೇಕೆ, ಆಡದಿರಬೇಕೆ ಎಂದು ಯೋಚಿಸಲು ಎರಡು ಕ್ಷಣ ಸಿಗುತ್ತದೆ. ವ್ಯಾಪಾರದಲ್ಲಿ ಎರಡು ಕ್ಷಣ ಸಣ್ಣದಲ್ಲ.

ಸಣ್ಣ ಘಟಕದಲ್ಲಿ ಇದು ಸಾಧ್ಯವೆ?

ಅಂಗಡಿಯ ಬಾಗಿಲು ತೆರೆದು, ಕಸ ಗುಡಿಸಿ, ದೀಪ ಹಚ್ಚಿ, ಊದಿನಕಡ್ಡಿ ಬೆಳಗುವ ಪದ್ಧತಿ ಬಹುತೇಕ ಎಲ್ಲೆಡೆ ಇದೆ. ಆ ಐದು ನಿಮಿಷ ಈಗಾಗಲೇ ವ್ಯಾಪಾರದಿಂದ ಹೊರಗೆ ತೆಗೆದಿರಿಸಿದ ಸಮಯ. ಅದಕ್ಕೆ ಇನ್ನು ಐದೋ ಹತ್ತೋ ನಿಮಿಷ ಸೇರಿಸಿ, ಮೊಬೈಲ್ ಮುಟ್ಟುವ ಮೊದಲು ಕುರ್ಚಿಯಲ್ಲೇ ನೆಟ್ಟಗೆ ಕುಳಿತು ಮೂಗಿನ ಹೊಳ್ಳೆಗಳಲ್ಲಿ ಉಸಿರು ಒಳಬರುವುದನ್ನೂ ಹೊರಹೋಗುವುದನ್ನೂ ಗಮನಿಸಬಹುದು. ಮನಸ್ಸು ಬಾಕಿ ವಸೂಲಿಯ ಕಡೆಗೆ ಓಡುತ್ತದೆ. ಓಡಿದ್ದು ತಿಳಿದಾಗ ಹಿಂದಕ್ಕೆ ತರುವುದೇ ಅಭ್ಯಾಸ. ಕೊನೆಯ ಒಂದೆರಡು ನಿಮಿಷ ಅಂದು ಜೊತೆಯಲ್ಲಿ ದುಡಿಯುವವರನ್ನು ಒಬ್ಬೊಬ್ಬರಾಗಿ ನೆನೆದು ಒಳಿತು ಹಾರೈಸುವುದು. ಹಿಂದಿನ ದಿನ ಯಾರ ಮೇಲೆ ಸಿಡುಕಿದ್ದೋ ಅವರಿಂದಲೇ ಆರಂಭಿಸುವುದು ಉಚಿತ. ಅನಂತರ ಎದ್ದು ಹೋಗಿ ಆ ವ್ಯಕ್ತಿಯೊಡನೆ ಮಾತಾಡಬೇಕಾದುದು ಉಳಿದೇ ಇರುತ್ತದೆ. ಬೈಗುಳ ಎಲ್ಲರೆದುರು ನಡೆದಿದ್ದರೆ, ತಪ್ಪಾಯಿತೆಂಬ ಮಾತೂ ಎಲ್ಲರೆದುರೇ ಆಗಬೇಕು. ಇದನ್ನು ಬಹುಮಂದಿ ಮಾಲೀಕರು ಒಪ್ಪಲಾರರು. ಒಪ್ಪಿದವರ ಅಂಗಡಿಯಲ್ಲಿ ಗುಮಾಸ್ತರು ಇಪ್ಪತ್ತು ವರ್ಷ ನಿಲ್ಲುತ್ತಾರೆ.

ಮಾಲೀಕರು ಮೂರು ತಿಂಗಳಾದರೂ ಒಬ್ಬರೇ ಅಭ್ಯಾಸ ಮಾಡಿದ ಮೇಲೆ ನೌಕರರ ಮಾತು. ಇಲ್ಲಿ ಬಲವಂತ ಸಲ್ಲದು. ಒಂದೇ ಘಟಕದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಕೆಲಸಗಾರರು ಇರುತ್ತಾರೆ. ಮಂತ್ರ, ಸ್ತೋತ್ರ, ಚಿತ್ರಪಟಗಳಿಲ್ಲದೆ ಕೇವಲ ಮೌನ ಮತ್ತು ಉಸಿರು ಎಂದರೆ ಯಾರಿಗೂ ಅಡ್ಡಿಯಾಗದು. ಬಾರದವರು ಆ ಹತ್ತು ನಿಮಿಷ ಚಹಾ ಕುಡಿಯುತ್ತಾ ಕುಳಿತರೂ ಅವರ ಹೆಸರು ಬರೆದಿಡಬಾರದು. ಪಾಳಿ ಆರಂಭವಾಗುವ ಮುನ್ನ, ಯಂತ್ರಗಳಿಂದ ದೂರದ ಜಾಗದಲ್ಲಿ ನಡೆಯಬೇಕು. ಓಡುತ್ತಿರುವ ಲೇತಿನ ಮುಂದೆ ಕಣ್ಣು ಮುಚ್ಚುವುದು ಧ್ಯಾನವಲ್ಲ, ಅಪಘಾತ. ಬಹುಮುಖ್ಯವಾಗಿ, ಆ ಸಮಯ ಸಂಬಳದ ಸಮಯವಾಗಿರಬೇಕು. ತುಂಡುಗೂಲಿಯವರ ಹತ್ತು ನಿಮಿಷವನ್ನು ಪುಕ್ಕಟೆಯಾಗಿ ಪಡೆದರೆ ಅದು ಕೂಲಿ ಕಡಿತವಾಗುತ್ತದೆ. ಮೇಲಿನ 12 ಜನರ ಘಟಕದಲ್ಲಿ ದಿನಕ್ಕೆ ಹತ್ತು ನಿಮಿಷದಂತೆ 26 ದಿನಗಳಿಗೆ 52 ಗಂಟೆ, ಅಂದರೆ ಎಂಟು ಗಂಟೆಯ ಆರೂವರೆ ಆಳುದಿನ. ದಿನಗೂಲಿ ಸರಾಸರಿ 700 ರೂಪಾಯಿಯಾದರೆ ತಿಂಗಳಿಗೆ 4,550 ರೂಪಾಯಿ. ಈ ಮೊತ್ತವನ್ನು ಮನಃಪೂರ್ವಕವಾಗಿ ವ್ಯಯಿಸಲು ಒಪ್ಪದವರು ಈ ಗೋಜಿಗೇ ಹೋಗದಿರುವುದು ಲೇಸು. ಪುಣ್ಯಕ್ಕೆ, ಮಾಲೀಕರ ಸ್ವಂತ ಹತ್ತು ನಿಮಿಷಕ್ಕೆ ಯಾವ ಖರ್ಚೂ ಇಲ್ಲ.

ಪಾಲುದಾರಿಕೆಯ ಕುಟುಂಬ ವ್ಯವಹಾರಗಳಲ್ಲಿ ಸಮಸ್ಯೆ ಇನ್ನೂ ಜಟಿಲ. ಅಲ್ಲಿ ಸಹೋದ್ಯೋಗಿ ಎಂದರೆ ಒಡಹುಟ್ಟಿದವನು. ಅಣ್ಣತಮ್ಮಂದಿರು ಪರಸ್ಪರ ಮಾತು ಬಿಟ್ಟು, ಸೆಪ್ಟೆಂಬರ್ ಕೊನೆಯಾದರೂ ಒಬ್ಬರು ಸಹಿ ಹಾಕಿದ ಆಸ್ತಿ-ಹೊಣೆ ಪಟ್ಟಿಗೆ ಇನ್ನೊಬ್ಬರು ಸಹಿ ಹಾಕದೆ, ಗುಮಾಸ್ತನು ಕಾಗದಗಳನ್ನು ಹಿಡಿದು ಎರಡು ಮನೆಗಳ ನಡುವೆ ಓಡಾಡುವ ಪ್ರಸಂಗ ಲೆಕ್ಕಪರಿಶೋಧಕರ ಕಚೇರಿಗಳಿಗೆ ಹೊಸದಲ್ಲ. ಕೆದಕಿ ನೋಡಿದರೆ ಜಗಳದ ಮೂಲ ಹಣವಾಗಿರುವುದಿಲ್ಲ. ಎಂದೋ ನೌಕರರ ಮುಂದೆ ಆಡಿದ ಒಂದು ಮಾತು ಆಗಿರುತ್ತದೆ. ಇಂತಹ ಕಡೆ ಧ್ಯಾನ ಒಂದರಿಂದಲೇ ಪರಿಹಾರ ದೊರೆಯುವುದಿಲ್ಲ. ಯಾರು ಎಷ್ಟು ಹಣ ತೆಗೆಯಬಹುದು, ಖರೀದಿಯ ತೀರ್ಮಾನ ಯಾರದು, ಮಕ್ಕಳು ಯಾವಾಗ ವ್ಯವಹಾರಕ್ಕೆ ಬರುತ್ತಾರೆ ಎಂಬುದನ್ನು ಪಾಲುದಾರಿಕೆ ಪತ್ರದಲ್ಲಿ ಬರೆಯಲೇಬೇಕು. ಆದರೆ ಅದನ್ನು ಬರೆಯಲು ಒಂದೇ ಮೇಜಿನ ಸುತ್ತ ಎರಡು ಗಂಟೆ ಧ್ವನಿ ಏರಿಸದೆ ಕೂರುವ ಶಕ್ತಿ ಬೇಕಲ್ಲ, ಅದಕ್ಕೆ ಈ ಅಭ್ಯಾಸ ನೆರವಾದೀತು.

ನಿದ್ರೆ ವಾರಗಟ್ಟಲೆ ಬಾರದಿರುವುದು, ಊಟ ಸೇರದಿರುವುದು, ಕುಡಿತದ ಮೊರೆಹೋಗುವುದು, ಬದುಕು ಸಾಕೆನ್ನಿಸುವುದು ಇವು ಒತ್ತಡದ ಗಡಿ ದಾಟಿದ ಲಕ್ಷಣಗಳು. ಅಂತಹವರನ್ನು ಧ್ಯಾನಕ್ಕೆ ಕೂರಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ದೀರ್ಘ ಮೌನದ ಶಿಬಿರಗಳು ಸೂಕ್ತವಲ್ಲವೆಂದು ಶಿಬಿರ ನಡೆಸುವವರೇ ತಿಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಕರ್ನಾಟಕದಲ್ಲೇ ಇದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ಹಾಜರಿ ಪುಸ್ತಕದ ಪಕ್ಕದ ಗೋಡೆಗೆ ಅಂಟಿಸಲು ಯಾವ ತರಬೇತುದಾರರೂ ಬೇಕಿಲ್ಲ.

ಹತ್ತು ದಿನಗಳ ಶಿಬಿರಕ್ಕೆ ಹೋಗಬಯಸುವ ವರ್ತಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಸಮಯದ್ದು. ಊಟ, ವಸತಿಗೆ ಶುಲ್ಕವಿಲ್ಲ. ಶಿಬಿರ ಪೂರ್ಣಗೊಳಿಸಿದವರು ಇಚ್ಛಿಸಿದರೆ ದೇಣಿಗೆ ಕೊಡಬಹುದು. ಬೆಳಗಿನ 4 ಗಂಟೆಗೆ ಏಳಬೇಕು, ಮೌನ ಪಾಲಿಸಬೇಕು, ಮೊಬೈಲನ್ನು ಮೊದಲ ದಿನವೇ ಕಚೇರಿಗೆ ಒಪ್ಪಿಸಬೇಕು. ಹೋಗಿಬರುವ ದಿನಗಳೂ ಸೇರಿ ಹನ್ನೆರಡು ದಿನ ಬೇಕು. ಪ್ರತಿ ತಿಂಗಳೂ ವಿವರಣೆ ಸಲ್ಲಿಸುವವರಿಗೆ 20ನೆಯ ತಾರೀಖು ಕಳೆದ ಮೇಲೆ ಮುಂದಿನ 7ರವರೆಗೆ ಮಾಸಿಕ ಗಡುವುಗಳಿಲ್ಲ. ತಿಂಗಳ ಕೊನೆಗೆ ಬೇರೆ ಗಡುವಿಲ್ಲದ ತಿಂಗಳಲ್ಲಿ 21ರಂದು ಹೊರಟು ಮುಂದಿನ ತಿಂಗಳ ಆರಂಭದಲ್ಲಿ, ಸಂಬಳದ ದಿನಕ್ಕೆ ಮೊದಲೇ ಮರಳಬಹುದು. ನಿಜವಾದ ತೊಡಕು ಇರುವುದು ಒಟಿಪಿಯಲ್ಲಿ. ಬ್ಯಾಂಕಿನದಾಗಲಿ ತೆರಿಗೆ ಜಾಲತಾಣದ್ದಾಗಲಿ ಎಲ್ಲ ಸಂದೇಶಗಳೂ ಮಾಲೀಕರ ಒಂದೇ ಮೊಬೈಲಿಗೆ ಬರುವಂತೆ ವ್ಯವಸ್ಥೆ ಮಾಡಿಕೊಂಡವರು ಹನ್ನೆರಡು ದಿನವಲ್ಲ, ಎರಡು ದಿನವೂ ಊರು ಬಿಡಲಾರರು. ಹೊರಡುವ ಮುನ್ನ ತಮ್ಮನನ್ನೋ, ಮಗಳನ್ನೋ, ಹಳೆಯ ವ್ಯವಸ್ಥಾಪಕರನ್ನೋ ಜಿಎಸ್‌ಟಿ ಜಾಲತಾಣದಲ್ಲಿ ಎರಡನೆಯ ಅಧಿಕೃತ ಸಹಿದಾರರನ್ನಾಗಿ ನೋಂದಾಯಿಸಿ, ಬ್ಯಾಂಕಿನಲ್ಲಿ ಮಿತಿಯುಳ್ಳ ಸಹಿ ಅಧಿಕಾರ ಕೊಟ್ಟು, ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಒಪ್ಪಿಸಬೇಕಾಗುತ್ತದೆ. ಇದಕ್ಕೆ ಬ್ಯಾಂಕಿನಲ್ಲಿ ಒಂದು ವಾರವಾದರೂ ಹಿಡಿಯಬಹುದಾದ್ದರಿಂದ, 21ಕ್ಕೆ ಹೊರಡುವವರು 10ರೊಳಗೆ ಅರ್ಜಿ ಕೊಡುವುದು ಕ್ಷೇಮ.